ಗುಪ್ತಕಾಶಿಯಲ್ಲಿ ಮಳೆ, ಕೇದಾರದಲ್ಲಿ ಹಿಮ: ಬೇಸಿಗೆಯ ಹಿಮಪಾತದ ಮುನ್ಸೂಚನೆ ಓದುವುದು ಹೇಗೆ?

2023ರ ಮೇ ತಿಂಗಳ ಮೊದಲ ವಾರ. ಚಿಕ್ಕಮ್ಮ ಗುಪ್ತಕಾಶಿಯಿಂದ ಫೋನ್ ಮಾಡಿದ್ದರು. ದನಿಯಲ್ಲಿ ಬೇಸರ ಎದ್ದು ಕಾಣುತ್ತಿತ್ತು.

"ಏನೋ ಇದು? ಮೇ ತಿಂಗಳಲ್ಲಿ ಹಿಮ ಬೀಳತ್ತಂತೆ! ಇಲ್ಲಿ ನೋಡಿದ್ರೆ ಬರೀ ಜಿಟಿಜಿಟಿ ಮಳೆ. ಛತ್ರಿ ಹಿಡ್ಕೊಂಡು ಅಂಗಡಿಗೆ ಹೋಗಿ ಬಾಳೆಹಣ್ಣು ತಂದೆ. ಮೇಲಕ್ಕೆ ಮಾತ್ರ ಬಿಡ್ತಾನೇ ಇಲ್ಲ."

ಅವರದು ಹನ್ನೆರಡು ಜನರ ಗುಂಪು. ಎಲ್ಲರೂ ಅರವತ್ತು ದಾಟಿದವರು. ಕೇದಾರನಾಥನ ದರ್ಶನಕ್ಕೆಂದು ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಹೊರಟವರು. ಆ ವರ್ಷ ದೇವಸ್ಥಾನದ ಬಾಗಿಲು ಏಪ್ರಿಲ್ 25ಕ್ಕೆ ತೆರೆದಿತ್ತು. ಆದರೆ ಅಲ್ಲಿಂದಾಚೆ ಹಿಮ ಬೀಳುವುದು ನಿಂತಿರಲಿಲ್ಲ. ಯಾತ್ರೆಯ ನೋಂದಣಿಯನ್ನು ಮತ್ತೆ ಮತ್ತೆ ನಿಲ್ಲಿಸುತ್ತಿದ್ದರು. ಅದೇ ವಾರ, ಮೇ 4ರಂದು, ದೆಹಲಿಯಲ್ಲಿ ಬೆಳಗಿನ ಕನಿಷ್ಠ ಉಷ್ಣಾಂಶ 15.8 ಡಿಗ್ರಿಗೆ ಇಳಿದಿತ್ತು. ಮೇ ತಿಂಗಳ ದೆಹಲಿ ಅಂದರೆ ಕೂಲರ್ ಇಲ್ಲದೆ ನಿದ್ದೆ ಬಾರದ ಊರು. ಅಲ್ಲೇ ಜನ ಹೊದ್ದುಕೊಂಡು ಮಲಗಿದ್ದರು.

"ಚಿಕ್ಕಮ್ಮ, ಅವರು ಹೇಳ್ತಿರೋದು ಗುಪ್ತಕಾಶಿ ವಿಷಯ ಅಲ್ಲ, ಕೇದಾರದ ವಿಷಯ" ಅಂದೆ.

"ಅಲ್ವೋ, ಇಲ್ಲಿಂದ ಎಷ್ಟು ದೂರ ಮಹಾ?"

ದೂರ ಜಾಸ್ತಿ ಇಲ್ಲ, ನಿಜ. ಆದರೆ ಗುಪ್ತಕಾಶಿ ಇರುವುದು ಸಮುದ್ರಮಟ್ಟದಿಂದ ಸುಮಾರು 1,320 ಮೀಟರ್ ಎತ್ತರದಲ್ಲಿ. ಕೇದಾರನಾಥ ಇರುವುದು 3,583 ಮೀಟರ್ ಎತ್ತರದಲ್ಲಿ. ಬೆಟ್ಟದ ನಾಡಿನಲ್ಲಿ ಹವಾಮಾನವನ್ನು ಅಳೆಯಬೇಕಾದದ್ದು ದಾರಿಯ ಕಿಲೋಮೀಟರ್‌ಗಳಲ್ಲಲ್ಲ, ಎತ್ತರದ ಮೀಟರ್‌ಗಳಲ್ಲಿ. ನಮ್ಮ ಬಯಲುಸೀಮೆಯ ಕಣ್ಣಿಗೆ ಇದು ಬೇಗ ಹಿಡಿಸುವುದಿಲ್ಲ. ಹಿಡಿಸದೇ ಹೋದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯಲು ಕೂತದ್ದು.

ಮೊದಲು, ಬಿಸಿಲುಕಾಲದಲ್ಲಿ ಈ ಹಿಮ ಎಲ್ಲಿಂದ ಬರುತ್ತದೆ?

ನಮಗೆ ಮಳೆ ಅಂದರೆ ಮುಂಗಾರು, ಹಿಂಗಾರು. ಎರಡೂ ನಮ್ಮ ಅಕ್ಕಪಕ್ಕದ ಸಮುದ್ರಗಳಿಂದಲೇ ಬರುತ್ತವೆ. ಹಿಮಾಲಯದ ಪಶ್ಚಿಮದ ತುದಿಗೆ, ಅಂದರೆ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಿಗೆ, ಇನ್ನೊಂದು ಬಾಗಿಲಿದೆ. ನೆಲದಿಂದ ಹತ್ತು ಹನ್ನೆರಡು ಕಿಲೋಮೀಟರ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ. ಇದನ್ನು ಜೆಟ್ ಸ್ಟ್ರೀಮ್ ಅನ್ನುತ್ತಾರೆ. ಚಳಿಗಾಲದಲ್ಲಿ ಇದು ಉತ್ತರ ಭಾರತದ ನೆತ್ತಿಯ ಮೇಲೇ ಹಾದುಹೋಗುತ್ತದೆ. ಹೊಳೆ ಅಂದಮೇಲೆ ನೆಟ್ಟಗೆ ಹರಿಯುವುದಿಲ್ಲ, ಅಲ್ಲಲ್ಲಿ ಬಳುಕುತ್ತದೆ. ಆ ಬಳುಕು ದಕ್ಷಿಣಕ್ಕೆ ಇಳಿದು ಬಂದಾಗ, ಅದರ ಮುಂದಿನ ಮಗ್ಗುಲಲ್ಲಿ ಕೆಳಗಿನ ಗಾಳಿ ಮೇಲೇಳುತ್ತದೆ, ಮೋಡ ಕಟ್ಟುತ್ತದೆ. ಹೀಗೆ ಮೆಡಿಟರೇನಿಯನ್, ಕ್ಯಾಸ್ಪಿಯನ್ ಸಮುದ್ರಗಳ ಕಡೆ ಹುಟ್ಟಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಬರುವ ಈ ಅಲೆಗೆ ಹವಾಮಾನ ಇಲಾಖೆಯವರು ಇಟ್ಟ ಹೆಸರು ವೆಸ್ಟರ್ನ್ ಡಿಸ್ಟರ್ಬೆನ್ಸ್. ನಾನು ಇಲ್ಲಿ ಪಶ್ಚಿಮದ ಅಲೆ ಅನ್ನುತ್ತೇನೆ.

ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇವು ತಿಂಗಳಿಗೆ ನಾಲ್ಕಾರು ಬರುತ್ತವೆ. ಪಂಜಾಬಿನ ಗೋಧಿಗೆ ಚಳಿಗಾಲದ ಮಳೆ ಇವುಗಳಿಂದಲೇ. ಬೆಟ್ಟದ ಮೇಲಿನ ಹಿಮವೂ ಇವುಗಳಿಂದಲೇ. ಬೇಸಿಗೆ ಬಲಿತಂತೆ ಗಾಳಿಯ ಹೊಳೆ ಮೆಲ್ಲಗೆ ಉತ್ತರಕ್ಕೆ ಸರಿಯುತ್ತದೆ. ಜೂನ್ ಹೊತ್ತಿಗೆ ಟಿಬೆಟ್‌ನ ಆಚೆಗೆ ಹೋಗಿ, ಮುಂಗಾರಿಗೆ ದಾರಿ ಬಿಡುತ್ತದೆ.

ಆದರೆ ಅದು ಕ್ಯಾಲೆಂಡರ್ ನೋಡಿಕೊಂಡು ಸರಿಯುವುದಿಲ್ಲ. ಕೆಲವು ವರ್ಷ ಮೇ ಕೊನೆಯವರೆಗೂ, ಜೂನ್‌ವರೆಗೂ ದಕ್ಷಿಣದಲ್ಲೇ ಉಳಿದುಬಿಡುತ್ತದೆ. ಆಗ ಬರುವ ಅಲೆ ಜನವರಿಯ ಅಲೆಯಂತಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 7ರಷ್ಟು ಜಾಸ್ತಿ ತೇವ ಹೊರಬಲ್ಲದು. ಮೇ ತಿಂಗಳ ಗಾಳಿ ಬಿಸಿ. ಸಾಲದ್ದಕ್ಕೆ ಅರಬ್ಬಿ ಸಮುದ್ರದ ತೇವವನ್ನೂ ಆ ಅಲೆ ಎಳೆದುಕೊಳ್ಳಬಹುದು. ಕಣಿವೆಯ ನೆಲ ಬಿಸಿಲಿಗೆ ಕಾದಿರುವುದರಿಂದ ಮಧ್ಯಾಹ್ನದ ಮೇಲೆ ಗುಡುಗು, ಆಲಿಕಲ್ಲು, ಜೋರು ಗಾಳಿ ಒಟ್ಟಿಗೇ ಎದ್ದುಬಿಡುತ್ತವೆ. ಜನವರಿಯ ಹಿಮ ಹೇಳಿ ಕಳಿಸಿ ಬರುವ ನೆಂಟ. ಮೇ ತಿಂಗಳದು ಸಂಜೆ ನಾಲ್ಕಕ್ಕೆ ಬಾಗಿಲು ಒದ್ದುಕೊಂಡು ಬರುತ್ತದೆ.

ಇನ್ನು ಎತ್ತರದ ಲೆಕ್ಕಕ್ಕೆ ಬರೋಣ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋದವರಿಗೆಲ್ಲ ಗೊತ್ತು. ಊರಲ್ಲಿ ಅಂಗಿ ಸಾಕಾಗಿರುತ್ತದೆ, ಮೇಲೆ ಹೋದರೆ ಸ್ವೆಟರ್ ಬೇಕು ಅನಿಸುತ್ತದೆ. ಪ್ರತಿ ಒಂದು ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಉಷ್ಣಾಂಶ ಇಳಿಯುತ್ತದೆ. ಇದನ್ನೇ ಗುಪ್ತಕಾಶಿಗೆ ಹಾಕಿ ನೋಡಿ. ಚಿಕ್ಕಮ್ಮ ಬಾಳೆಹಣ್ಣು ತರಲು ಹೋದಾಗ ಅಲ್ಲಿ 14 ಡಿಗ್ರಿ ಇತ್ತು ಅಂದುಕೊಳ್ಳಿ. ಕೇದಾರ ಅಲ್ಲಿಂದ ಸುಮಾರು 2,260 ಮೀಟರ್ ಮೇಲಿದೆ. ಹತ್ತಿರ ಹತ್ತಿರ 15 ಡಿಗ್ರಿ ಕಳೆಯಿರಿ. ಸೊನ್ನೆಗಿಂತ ಕೆಳಗೆ ಬಂತು. ಛತ್ರಿ ಮೇಲೆ ಜಿಟಿಜಿಟಿ ಬೀಳುತ್ತಿದ್ದ ಅದೇ ಮೋಡ, ಕೇದಾರದಲ್ಲಿ ಹಿಮ ಸುರಿಯುತ್ತಿತ್ತು.

ಇಷ್ಟು ಸುಲಭವಾದರೆ ಮುನ್ಸೂಚನೆ ಹೇಳುವುದು ಯಾಕೆ ಕಷ್ಟ? ಇಲ್ಲಿಂದ ವಿಷಯ ಸ್ವಲ್ಪ ಆಳಕ್ಕೆ ಹೋಗುತ್ತದೆ. ನನಗೆ ಇದೇ ತುಂಬ ಇಷ್ಟದ ಭಾಗ.

ಆಕಾಶದಲ್ಲಿ ಒಂದು ಎತ್ತರದಲ್ಲಿ ಉಷ್ಣಾಂಶ ಸರಿಯಾಗಿ ಸೊನ್ನೆ ಡಿಗ್ರಿ ಇರುತ್ತದೆ. ಇದನ್ನು ಸೊನ್ನೆಯ ಗೆರೆ ಅನ್ನೋಣ. ಬೆಟ್ಟದ ನಾಡಿನ ಎತ್ತರದ ಮೋಡಗಳಲ್ಲಿ ಮಳೆಯ ಬಹುಪಾಲು ಹುಟ್ಟುವುದು ಹಿಮವಾಗಿಯೇ. ಆ ಹಿಮದ ಹಳಕು ಇಳಿಯುತ್ತಾ ಸೊನ್ನೆಯ ಗೆರೆ ದಾಟುತ್ತದೆ. ದಾಟಿದ ತಕ್ಷಣ ಕರಗುವುದಿಲ್ಲ. ಇನ್ನೂ ಇನ್ನೂರು ಮುನ್ನೂರು ಮೀಟರ್ ಕೆಳಗೆ ಬರುವಷ್ಟರಲ್ಲಿ ನೀರಾಗುತ್ತದೆ. ಆ ಮುನ್ನೂರು ಮೀಟರ್ ಪಟ್ಟಿಯಲ್ಲಿ ನಿಂತವರಿಗೆ ಬೀಳುವುದು ಮಳೆಯೂ ಅಲ್ಲ, ಹಿಮವೂ ಅಲ್ಲ. ಒದ್ದೆ ಹಿಂಜಿದ ಹತ್ತಿಯಂಥದ್ದೇನೋ ಮೈಮೇಲೆ ಬಿದ್ದು ಅಲ್ಲೇ ಅಂಟಿಕೊಳ್ಳುತ್ತದೆ.

ಈಗ ಮನೆಯ ಮಣ್ಣಿನ ಹೂಜಿ ನೆನಪಿಸಿಕೊಳ್ಳಿ. ಬೇಸಿಗೆಯಲ್ಲಿ ಅದರ ನೀರು ಯಾಕೆ ತಣ್ಣಗಿರುತ್ತದೆ? ಹೊರಮೈಯಿಂದ ನೀರು ಆವಿಯಾಗುತ್ತಾ ಶಾಖವನ್ನು ತೆಗೆದುಕೊಂಡು ಹೋಗುತ್ತದೆ. ಆಕಾಶದಲ್ಲೂ ಇದೇ. ಮೋಡದ ಕೆಳಗಿನ ಗಾಳಿ ಒಣಗಿದ್ದರೆ, ಬೀಳುವ ಹನಿ ಮತ್ತು ಹಳಕುಗಳಲ್ಲಿ ಒಂದಷ್ಟು ಆವಿಯಾಗುತ್ತವೆ, ಗಾಳಿ ತಣ್ಣಗಾಗುತ್ತದೆ. ಸೊನ್ನೆಯ ಗೆರೆ ಕೆಳಗಿಳಿಯುತ್ತದೆ.

ಇದಕ್ಕಿಂತ ದೊಡ್ಡ ಕೆಲಸ ಮಾಡುವುದು ಕರಗುವಿಕೆ. ಒಂದು ಗ್ರಾಂ ಹಿಮ ಕರಗಿ ನೀರಾಗಲು 80 ಕ್ಯಾಲರಿ ಶಾಖ ಬೇಕು. ಆ ಶಾಖ ಎಲ್ಲಿಂದ ಬರಬೇಕು? ಸುತ್ತಲಿನ ಗಾಳಿಯಿಂದಲೇ. ಲೆಕ್ಕ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. 10 ಮಿ.ಮೀ. ಮಳೆಗೆ ಸಮನಾದ ಹಿಮ ಮುನ್ನೂರು ಮೀಟರ್ ದಪ್ಪದ ಗಾಳಿಯ ಪದರದಲ್ಲಿ ಕರಗಿದರೆ, ಹೊರಗಿನಿಂದ ಬೆಚ್ಚನೆ ಗಾಳಿ ಬಾರದಿದ್ದಲ್ಲಿ, ಆ ಪದರವನ್ನು ಹತ್ತು ಡಿಗ್ರಿಗೂ ಜಾಸ್ತಿ ತಣ್ಣಗಾಗಿಸುವಷ್ಟು ಶಾಖ ಹೀರಿಬಿಡುತ್ತದೆ. ಅಷ್ಟೂ ಆಗುವುದಿಲ್ಲ, ಯಾಕೆಂದರೆ ಗಾಳಿ ಸೊನ್ನೆಗೆ ಬಂದಮೇಲೆ ಹಿಮ ಕರಗುವುದೇ ನಿಲ್ಲುತ್ತದೆ. ಆಮೇಲೆ ಬರುವ ಹಳಕು ಕರಗದೆ ಇನ್ನಷ್ಟು ಕೆಳಗೆ ಇಳಿಯುತ್ತದೆ, ಅಲ್ಲಿನ ಗಾಳಿಯನ್ನು ತಣ್ಣಗಾಗಿಸುತ್ತದೆ. ಅದರ ಹಿಂದಿನದು ಇನ್ನೂ ಕೆಳಗೆ. ಹೀಗೆ ಹಿಮ ತನ್ನ ದಾರಿಯನ್ನು ತಾನೇ ತಂಪು ಮಾಡಿಕೊಳ್ಳುತ್ತಾ ಇಳಿಯುತ್ತದೆ.

ಇದರ ಅರ್ಥ ಏನು ಗೊತ್ತಾ? ಮಳೆ ಜೋರಾದಷ್ಟೂ ಅದು ಹಿಮವಾಗುವ ಸಾಧ್ಯತೆ ಜಾಸ್ತಿ. ಬೆಳಗ್ಗೆ 3,800 ಮೀಟರ್‌ನಲ್ಲಿದ್ದ ಹಿಮದ ಗೆರೆ, ಅಂದರೆ ಹಿಮ ಕರಗದೆ ಬೀಳುವ ಕೆಳಗಿನ ಅಂಚು, ಸಂಜೆ ಜೋರು ಸುರಿತದಲ್ಲಿ ನೂರಾರು ಮೀಟರ್ ಇಳಿದುಬಿಡಬಹುದು. ಕಿರಿದಾದ ಕಣಿವೆಯಲ್ಲಿ ಹೊರಗಿನ ಗಾಳಿ ಒಳಗೆ ಬರಲು ಜಾಗವಿಲ್ಲ, ಅಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಹಿಮಾಲಯದಲ್ಲಿ ಕಿರಿದಲ್ಲದ ಕಣಿವೆ ಎಷ್ಟಿವೆ ಹೇಳಿ?

ಜನವರಿಯಲ್ಲಿ ಈ ತಲೆನೋವಿಲ್ಲ. ಕೇದಾರದಲ್ಲಿ ಆಗ ಸೊನ್ನೆಗಿಂತ ಎಷ್ಟೋ ಕೆಳಗಿರುತ್ತದೆ, ಎರಡು ಡಿಗ್ರಿ ಹೆಚ್ಚುಕಮ್ಮಿಯಾದರೂ ಬೀಳುವುದು ಹಿಮವೇ. ಮೇ ತಿಂಗಳಲ್ಲಿ ಎಲ್ಲವೂ ಸೊನ್ನೆಯ ಆಸುಪಾಸಿನಲ್ಲೇ ನಡೆಯುತ್ತದೆ. ಒಂದು ಡಿಗ್ರಿಯ ತಪ್ಪು ಎಂದರೆ ಹಿಮದ ಗೆರೆಯಲ್ಲಿ ನೂರೈವತ್ತು ಮೀಟರ್ ತಪ್ಪು. ಆ ನೂರೈವತ್ತು ಮೀಟರ್ ಒಳಗೆ ಒಂದು ಹಳ್ಳಿ ಇರಬಹುದು, ಒಂದು ಕ್ಯಾಂಪ್ ಇರಬಹುದು.

ಬೇಸಿಗೆಯ ಹಿಮದ ಇನ್ನೊಂದು ಗುಣ ಅದರ ತೂಕ. ಹಗುರ, ಒಣ, ಊದಿದರೆ ಹಾರುವ ಹಿಮ ಚಳಿಗಾಲದ್ದು. ಒಂದು ಸೆಂಟಿಮೀಟರ್ ಮಳೆಯಾಗಬೇಕಾದ ನೀರು ಆಗ ಹದಿನೈದು ಇಪ್ಪತ್ತು ಸೆಂಟಿಮೀಟರ್ ಹಿಮವಾಗಿ ಹರಡುತ್ತದೆ. ಮೇ ತಿಂಗಳಲ್ಲಿ ಅದೇ ನೀರು ಐದಾರು ಸೆಂಟಿಮೀಟರ್ ಹಿಮವಾಗುತ್ತದೆ, ಅಷ್ಟೇ. ನೋಡಲು ಕಡಿಮೆ, ಎತ್ತಲು ಭಾರ. ಒಂದಡಿ ಒದ್ದೆ ಹಿಮ ಬಿದ್ದರೆ ಪ್ರತಿ ಚದರ ಮೀಟರ್‌ಗೆ ಸುಮಾರು 60 ಕಿಲೋ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ತಗಡಿನ ಚಾವಣಿಯ ಮೇಲೆ 6 ಟನ್. ಹಾಗಾಗಿ ಮುನ್ಸೂಚನೆಯಲ್ಲಿ "ಐದಾರು ಇಂಚು ಅಷ್ಟೇ" ಅಂತ ಕಂಡರೆ ಸಮಾಧಾನ ಪಟ್ಟುಕೊಳ್ಳಬಾರದು.

ನಾನು ಈ ತೂಕವನ್ನು ಒಮ್ಮೆ ಮಲಗಿದಲ್ಲೇ ಕಂಡೆ. ಮೇ ತಿಂಗಳ ಒಂದು ಚಾರಣದಲ್ಲಿ, ಸುಮಾರು 3,700 ಮೀಟರ್ ಎತ್ತರದಲ್ಲಿ, ಟೆಂಟ್ ಒಳಗಿದ್ದೆವು. ಮೊದಲು ಮಳೆಯ ಪಟಪಟ ಸದ್ದು. ರಾತ್ರಿ ಹನ್ನೊಂದರ ಹೊತ್ತಿಗೆ ಸದ್ದು ನಿಂತಿತು. ಸದ್ಯ, ಮಳೆ ನಿಂತಿತು ಅಂದುಕೊಂಡು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮೂಗಿಗೆ ಏನೋ ತಣ್ಣಗೆ ತಾಗಿತು. ಟಾರ್ಚ್ ಹಾಕಿ ನೋಡಿದರೆ ಟೆಂಟ್‌ನ ಬಟ್ಟೆ ಮುಖದಿಂದ ಒಂದು ಗೇಣು ದೂರಕ್ಕೆ ಇಳಿದು ಬಂದಿತ್ತು. ಮಳೆ ನಿಂತಿರಲಿಲ್ಲ, ಹಿಮವಾಗಿತ್ತು. ಹಿಮಕ್ಕೆ ಸದ್ದಿಲ್ಲ. ಅಷ್ಟರಲ್ಲಿ ನಮ್ಮ ಗೈಡ್ ಹೊರಗಿನಿಂದ ಕೋಲಿನಲ್ಲಿ ಟೆಂಟ್ ಬಡಿಯುತ್ತಾ, "ಸೋನಾ ಮತ್ ಸಾಬ್, ಬರಫ್ ಝಾಡ್ತೇ ರಹೋ" ಎಂದು ಕೂಗುತ್ತಿದ್ದ. ನಿದ್ದೆ ಮಾಡಬೇಡಿ, ಹಿಮ ಕೊಡವುತ್ತಾ ಇರಿ ಅಂತ. ಬೆಳಗಿನವರೆಗೆ ಇಬ್ಬರೂ ಸರದಿಯಲ್ಲಿ ಒಳಗಿನಿಂದ ಕೈಯಲ್ಲಿ ತಟ್ಟುತ್ತಿದ್ದೆವು. ತಟ್ಟಿದಾಗಲೆಲ್ಲ ಬಟ್ಟೆಯ ಮೇಲೆ ಸರ್ರನೆ ಜಾರಿ, ಪಕ್ಕದಲ್ಲಿ ದೊಪ್ಪೆಂದು ಬೀಳುತ್ತಿತ್ತು. ಮಳೆಯ ಸದ್ದು ಇದ್ದಕ್ಕಿದ್ದಂತೆ ನಿಂತರೆ ಟೆಂಟ್‌ನಿಂದ ಹೊರಗೆ ತಲೆ ಹಾಕಿ ನೋಡಬೇಕು. ಇದನ್ನು ಅಂದು ಕಲಿತೆ.

ಇನ್ನು ಮುನ್ಸೂಚನೆಯ ಮಾತುಗಳಿಗೆ ಬರೋಣ. ಯೆಲ್ಲೋ, ಆರೆಂಜ್, ರೆಡ್ ಅಲರ್ಟ್‌ಗಳನ್ನು ನಮ್ಮ ಕರಾವಳಿಯವರಿಗೆ, ಕೊಡಗಿನವರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಈಗಲೇ ಮಾಡಬೇಕಾದ್ದನ್ನು ಮಾಡಿ. ಆದರೆ ಈ ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಉತ್ತರಕಾಶಿ ಜಿಲ್ಲೆಯಲ್ಲಿ ಸಾವಿರದ ಚಿಲ್ಲರೆ ಮೀಟರ್ ಎತ್ತರದ ಪೇಟೆಯೂ ಇದೆ, ಆರು ಸಾವಿರ ಮೀಟರ್ ದಾಟುವ ಶಿಖರಗಳೂ ಇವೆ. ಹಳದಿ ಬಣ್ಣ ಪೇಟೆಯವರಿಗೆ ಛತ್ರಿ ಇಟ್ಟುಕೊಳ್ಳಿ ಅನ್ನುತ್ತದೆ. ಅದೇ ಹಳದಿ ಶಿಖರದ ಬುಡದಲ್ಲಿ ಇರುವವರಿಗೆ ಹೊರಗೆ ಹೆಜ್ಜೆ ಇಡಬೇಡಿ ಅನ್ನುತ್ತಿರಬಹುದು. ಬಣ್ಣ ಒಂದೇ, ಅರ್ಥ ಬೇರೆ.

ಇನ್ನೊಂದು ಮಾತು "ಒಂದೆರಡು ಕಡೆ". ಹವಾಮಾನ ಇಲಾಖೆಯ ಭಾಷೆಯಲ್ಲಿ ಇದಕ್ಕೆ ಖಚಿತ ಅಳತೆ ಇದೆ. ಆ ಪ್ರದೇಶದ ಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರಷ್ಟು ಅಥವಾ ಅದಕ್ಕಿಂತ ಕಡಿಮೆ ಕಡೆ ಎಂದು ಅದರ ಅರ್ಥ. 76 ಅಥವಾ ಅದಕ್ಕಿಂತ ಹೆಚ್ಚಾದರೆ "ಬಹುತೇಕ ಎಲ್ಲ ಕಡೆ". ಆದರೆ ಮಾಪನ ಕೇಂದ್ರಗಳು ಎಲ್ಲಿರುತ್ತವೆ? ಬಹಳಷ್ಟು ಊರುಗಳಲ್ಲಿ, ರಸ್ತೆಯ ಪಕ್ಕದಲ್ಲಿ, ಕಣಿವೆಯಲ್ಲಿ. ಬೆಟ್ಟದ ನೆತ್ತಿಯ ಏಣಿನ ಮೇಲೆ ಇರುವವು ತೀರಾ ಕಡಿಮೆ. ಹಾಗಾಗಿ "ಒಂದೆರಡು ಕಡೆ ಹಿಮ" ಎಂದು ಓದಿದಾಗ, ಆ ಒಂದೆರಡು ಕಡೆ ನಾನು ನಿಲ್ಲುವ ಎತ್ತರವೇ ಇರಬಹುದು ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಡೆಹ್ರಾಡೂನ್‌ನ ಹವಾಮಾನ ಕೇಂದ್ರ ತನ್ನ ಪ್ರಕಟಣೆಗಳಲ್ಲಿ "3,500 ಮೀಟರ್ ಮತ್ತು ಅದಕ್ಕಿಂತ ಎತ್ತರದ ಜಾಗಗಳಲ್ಲಿ ಹಿಮಪಾತ" ಎಂಬ ರೀತಿಯಲ್ಲಿ ಎತ್ತರವನ್ನೂ ಬರೆಯುತ್ತದೆ. ಇಡೀ ಪ್ರಕಟಣೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಸಾಲು ಅದು. ಸುದ್ದಿವಾಹಿನಿಗಳು ಬಣ್ಣ ಮಾತ್ರ ತೋರಿಸುತ್ತವೆ, ಈ ಸಾಲನ್ನು ಬಿಟ್ಟುಬಿಡುತ್ತವೆ. ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಫೋನಿನಲ್ಲಿರುವ ಹವಾಮಾನ ಆ್ಯಪ್ ನಂಬಬಹುದಾ ಎಂದು ಬಹಳ ಜನ ಕೇಳುತ್ತಾರೆ. ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಹೆಚ್ಚಿ, ಪ್ರತಿ ಚೌಕಕ್ಕೂ ಒಂದು ಲೆಕ್ಕ ಹಾಕುತ್ತವೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನಲ್ಲಿ ಚೌಕದ ಅಗಲ 6 ಕಿ.ಮೀ. ಅದಕ್ಕೆ ಮುಂಚಿನದು 12 ಕಿ.ಮೀ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ ದೊಡ್ಡ ಕೆಲಸ ಇದು. ಆದರೆ ಹಿಮಾಲಯದಲ್ಲಿ 6 ಕಿ.ಮೀ. ಒಳಗೆ ನದಿಯ ಪಾತ್ರದಿಂದ ಏಣಿನವರೆಗೆ ಎರಡು ಸಾವಿರ ಮೀಟರ್ ಏರಿಬಿಡಬಹುದು. ಮಾದರಿಯ ಕಣ್ಣಿಗೆ ಆ ಚೌಕಕ್ಕೆಲ್ಲ ಒಂದೇ ಸರಾಸರಿ ಎತ್ತರ. ಅಲ್ಲಿ ಕಣಿವೆಯೂ ಇಲ್ಲ, ಏಣೂ ಇಲ್ಲ. ಕೆಲವು ಆ್ಯಪ್‌ಗಳು ಎತ್ತರದ ವ್ಯತ್ಯಾಸವನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ತೋರಿಸುವುದಿಲ್ಲ. ನೀವು ನೋಡುತ್ತಿರುವ ಉಷ್ಣಾಂಶ ಯಾವ ಎತ್ತರದ್ದು ಎಂದು ಮೊದಲು ಹುಡುಕಿ. ಅಲ್ಲಿಂದ ನಿಮ್ಮ ಎತ್ತರಕ್ಕೆ ಆರೂವರೆ ಡಿಗ್ರಿಯ ಲೆಕ್ಕ ನೀವೇ ಹಾಕಿ. ಕಾಗದದ ಮೇಲೆ ಒಂದು ನಿಮಿಷದ ಕೆಲಸ.

ರೇಡಾರ್‌ಗಳೂ ಇವೆ. ಮುಕ್ತೇಶ್ವರ, ಸುರ್ಕಂಡಾ ದೇವಿ, ಹಿಮಾಚಲದ ಕುಫ್ರಿ ಇಂಥ ಕಡೆ ಕೂರಿಸಿದ್ದಾರೆ. ಒಂದೆರಡು ಗಂಟೆ ಮುಂಚಿನ ಎಚ್ಚರಿಕೆಗೆ ಇವು ಬಹಳ ಉಪಯೋಗ. ಆದರೆ ರೇಡಾರ್‌ನ ಕಿರಣ ನೆಟ್ಟಗೆ ಹೋಗುತ್ತದೆ, ಬೆಟ್ಟ ಅಡ್ಡ ಬಂದರೆ ಅದರ ಹಿಂದಿನದು ಕಾಣುವುದಿಲ್ಲ. ಜತೆಗೆ ಎತ್ತರದ ಚಾರಣದಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಅದಕ್ಕೇ ಕೊನೆಯ ಸಿಗ್ನಲ್ ಸಿಗುವ ಹಳ್ಳಿಯಲ್ಲಿ ಐದು ದಿನದ ಮುನ್ಸೂಚನೆ ಬರೆದಿಟ್ಟುಕೊಳ್ಳಬೇಕು. ಅಲೆ ಬರುವ ದಿನ ಎರಡು ಮೂರು ದಿನ ಮುಂಚೆ ಸಾಕಷ್ಟು ಚೆನ್ನಾಗಿ ಗೊತ್ತಾಗಿರುತ್ತದೆ, ಏಕೆಂದರೆ ಅದು ಇರಾನ್ ದಾಟುವಾಗಲೇ ಉಪಗ್ರಹ ನೋಡಿರುತ್ತದೆ. ಯಾವ ಕಣಿವೆಯಲ್ಲಿ, ಎಷ್ಟು ಗಂಟೆಗೆ, ಯಾವ ಎತ್ತರದವರೆಗೆ ಎಂಬುದು ಮಾತ್ರ ಕೊನೆಯವರೆಗೂ ಅಲುಗಾಡುತ್ತಿರುತ್ತದೆ.

ಈಗ 2024ರ ಜೂನ್.

ಜೂನ್ 2ರಂದು ಬೆಂಗಳೂರಿನಲ್ಲಿ 111 ಮಿ.ಮೀ. ಮಳೆ ಸುರಿದು ಮರಗಳು ಉರುಳಿದ್ದವು. ನಮ್ಮ ಕಡೆ ರೋಹಿಣಿ ಮಳೆಯ ದಿನಗಳು ಅವು. ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅನ್ನುತ್ತಾರಲ್ಲ, ಆ ಮಳೆ. ಜೂನ್ 4ರಂದು ಲೋಕಸಭಾ ಚುನಾವಣೆಯ ಮತ ಎಣಿಕೆ. ಇಡೀ ದೇಶ ಟಿವಿ ಮುಂದೆ ಕೂತಿತ್ತು. ಅದೇ ಹೊತ್ತಿಗೆ ಉತ್ತರಾಖಂಡದ ಸಹಸ್ರತಾಲ್‌ನಲ್ಲಿ, ನಾಲ್ಕು ಸಾವಿರ ಮೀಟರ್‌ಗೂ ಎಷ್ಟೋ ಮೇಲೆ, ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡ ಹಿಮಗಾಳಿಗೆ ಸಿಕ್ಕಿಕೊಂಡಿತ್ತು. ಮೇ 29ರಂದು ಹೊರಟಿದ್ದ ತಂಡ. ಸ್ಥಳೀಯ ಗೈಡ್‌ಗಳೂ ಸೇರಿ 22 ಜನ. ವಾಯುಪಡೆಯ ಹೆಲಿಕಾಪ್ಟರ್‌ಗಳು, ರಾಜ್ಯ ವಿಪತ್ತು ಪಡೆಯವರು ಹೋಗಿ 13 ಜನರನ್ನು ಉಳಿಸಿ ತಂದರು. 9 ಜನ ಉಳಿಯಲಿಲ್ಲ. ನಮ್ಮ ಸರ್ಕಾರದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ನಿಂತರು. ಬೆಂಗಳೂರಿನ ಎಷ್ಟೋ ಚಾರಣ ಗುಂಪುಗಳಲ್ಲಿ ಆ ವಾರ ಯಾರೂ ಬೇರೆ ಮಾತಾಡಲಿಲ್ಲ. ಹೋದವರು ಬೆಟ್ಟವನ್ನು ಪ್ರೀತಿಸುತ್ತಿದ್ದ ಜನ.

ಯಾರ ತಪ್ಪು ಎಂದು ತೂಗಲು ನಾನು ಇಲ್ಲಿ ಹೊರಟಿಲ್ಲ. ಜೂನ್ ತಿಂಗಳ ಹಿಮ ಮನುಷ್ಯನ ಮೈಗೆ ಏನು ಮಾಡುತ್ತದೆ ಎಂಬುದನ್ನು ಮಾತ್ರ ಹೇಳಬೇಕು.

ಉಷ್ಣಾಂಶ ಸೊನ್ನೆಗಿಂತ 5 ಡಿಗ್ರಿ ಕೆಳಗಿದೆ, ಗಾಳಿ ಗಂಟೆಗೆ 40 ಕಿ.ಮೀ. ಬೀಸುತ್ತಿದೆ ಅಂದುಕೊಳ್ಳಿ. ತೆರೆದ ಚರ್ಮಕ್ಕೆ ಅದು ಸೊನ್ನೆಗಿಂತ 14 ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಅದಕ್ಕೂ ಮುಂಚೆ ಬಂದ ಮಳೆಯಲ್ಲೋ ಒದ್ದೆ ಹಿಮದಲ್ಲೋ ಬಟ್ಟೆ ನೆನೆದಿರುತ್ತದೆ. ಚಳಿಗಾಲದ ಒಣ ಹಿಮವನ್ನು ಕೊಡವಿಕೊಳ್ಳಬಹುದು. ಬೇಸಿಗೆಯ ಹಿಮ ಮೈಶಾಖಕ್ಕೆ ಕರಗಿ ಒಳಗಿಳಿಯುತ್ತದೆ. ಒದ್ದೆ ಬಟ್ಟೆ, ಅದರಲ್ಲೂ ಹತ್ತಿಯದು, ಮೈಯ ಶಾಖವನ್ನು ಹೂಜಿಯಂತೆಯೇ ಹೊರಗೆ ಎಳೆದು ಹಾಕುತ್ತದೆ. ಎಷ್ಟೋ ಸಲ ಪ್ರಾಣ ತೆಗೆಯುವುದು ಈ ಒದ್ದೆ.

ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಅನ್ನುತ್ತಾರೆ. ಮೊದಲು ಜೋರಾಗಿ ನಡುಕ ಬರುತ್ತದೆ. ಆಮೇಲೆ ಬೆರಳು ಮಾತು ಕೇಳುವುದಿಲ್ಲ, ಜಾಕೆಟ್‌ನ ಜಿಪ್ ಎಳೆಯಲಾಗುವುದಿಲ್ಲ. ನಾಲಿಗೆ ತೊದಲುತ್ತದೆ, ಕಾಲು ತಡವರಿಸುತ್ತದೆ. "ನಾನು ಸ್ವಲ್ಪ ಇಲ್ಲೇ ಕೂತಿರ್ತೀನಿ, ನೀವು ಹೋಗಿ" ಅನ್ನುತ್ತಾರೆ. ಆ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡಲೇಬಾರದು. ನಡುಕ ನಿಂತರೆ ಚೇತರಿಸಿಕೊಂಡರು ಎಂದು ತಿಳಿಯಬೇಡಿ. ನಡುಗುವ ಶಕ್ತಿಯೂ ಮುಗಿದಿದೆ ಎಂದು ಅರ್ಥ. ಗಾಳಿಯ ಮರೆಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಒಣಗಿದ್ದು ಹಾಕಿ, ಕೆಳಗೆ ಮ್ಯಾಟ್ ಹಾಸಿ ಸುತ್ತಬೇಕು. ಎಚ್ಚರವಿದ್ದು ನುಂಗಲು ಆಗುತ್ತಿದ್ದರೆ ಬಿಸಿ ಸಕ್ಕರೆ ನೀರೋ ಚಹಾವೋ ಕೊಡಬಹುದು. ಕೈಕಾಲು ಜೋರಾಗಿ ತಿಕ್ಕಬಾರದು. ಮದ್ಯ ಕೊಡಲೇಬಾರದು. ಕುಡಿದಾಗ ಬೆಚ್ಚಗಾದಂತೆ ಅನಿಸುವುದು ಒಳಗಿನ ಶಾಖ ಚರ್ಮಕ್ಕೆ ಬಂದು ಹೊರಗೆ ಹೋಗುತ್ತಿರುವುದರಿಂದ. ಚಾರಣದ ಬ್ಯಾಗಿನಲ್ಲಿ ಒಂದು ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಎಷ್ಟೇ ಆಸೆಯಾದರೂ ಮುಟ್ಟದೆ, ಇಂಥ ಹೊತ್ತಿಗೇ ಇಟ್ಟುಕೊಳ್ಳಿ.

ತಡವಾಗಿ ಬರುವ ಹಿಮ ಬೆಟ್ಟದಲ್ಲೇ ಬದುಕುವವರಿಗೂ ಹೊಡೆತವೇ. ಏಪ್ರಿಲ್‌ನಲ್ಲಿ ಶಿಮ್ಲಾ, ಕುಲ್ಲು ಕಡೆ ಸೇಬಿನ ಮರ ಹೂ ಬಿಟ್ಟಿರುತ್ತದೆ. ಹೂ ಅರಳಿದ ಹೊತ್ತಿನಲ್ಲಿ ಸೊನ್ನೆಗಿಂತ 2 ಡಿಗ್ರಿ ಕೆಳಗೆ ಅರ್ಧ ಗಂಟೆ ನಿಂತರೆ ಹತ್ತರಲ್ಲೊಂದು ಹೂ ಸಾಯುತ್ತದೆ. 4 ಡಿಗ್ರಿ ಕೆಳಗೆ ಹೋದರೆ ಹತ್ತರಲ್ಲಿ ಒಂಬತ್ತು. ಆಲಿಕಲ್ಲಿಗೆಂದು ಮರಗಳ ಮೇಲೆ ಕಟ್ಟಿದ ಬಲೆಯಲ್ಲಿ ಒದ್ದೆ ಹಿಮ ತುಂಬಿಕೊಂಡು, ಬಲೆ ಕೊಂಬೆಗಳ ಸಮೇತ ಹರಿದು ಬೀಳುತ್ತದೆ. ಉಳಿದ ಹೂವಿಗೂ ಚಳಿಯಲ್ಲಿ ಜೇನು ಬರುವುದಿಲ್ಲ. ನಮ್ಮಲ್ಲಿ ಮಾವಿನ ಹೂವಿಗೆ ಅಕಾಲ ಮಳೆ ಹೊಡೆದರೆ ರೈತ ಮರದ ಕೆಳಗೆ ನಿಂತು ನೆಲ ನೋಡುತ್ತಾನಲ್ಲ, ಹಾಗೇ. ಕಾಂಗ್ರಾ ಕಡೆಯಿಂದ ಕುರಿಮಂದೆಯೊಂದಿಗೆ ಲಾಹೌಲ್‌ಗೆ ದಾಟುವ ಗದ್ದಿ ಕುರುಬರಿಗೂ ಇದೇ ಕಾಲ ಕಣಿವೆಬಾಯಿ ಹತ್ತುವ ಕಾಲ.

ಹಾಗೆಂದು ಈ ಹಿಮ ಬರೀ ಕೆಡುಕಲ್ಲ. ಹೊಸ ಬಿಳಿ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ವಾಪಸ್ ಕಳಿಸುತ್ತದೆ, ಕೆಳಗಿನ ಹಳೆಯ ಹಿಮನದಿಗೆ ಒಂದಷ್ಟು ದಿನ ನೆರಳು ಕೊಟ್ಟಂತೆ. ಅದು ಬೇಕು ಕೂಡ. ಕಠ್ಮಂಡುವಿನ ಪರ್ವತ ಅಧ್ಯಯನ ಸಂಸ್ಥೆ ಐಸಿಮಾಡ್ 2025ರಲ್ಲಿ ಕೊಟ್ಟ ಲೆಕ್ಕದಂತೆ, ಆ ಚಳಿಗಾಲದಲ್ಲಿ ಹಿಮಾಲಯ ಮತ್ತು ಹಿಂದೂಕುಶ್ ಮೇಲೆ ಹಿಮ ನಿಂತದ್ದು ವಾಡಿಕೆಗಿಂತ ನೂರಕ್ಕೆ 23.6ರಷ್ಟು ಕಡಿಮೆ. ಅಲ್ಲಿಯವರೆಗಿನ 23 ವರ್ಷಗಳಲ್ಲೇ ಅತಿ ಕಡಿಮೆ.

ಚಳಿಗಾಲದಲ್ಲಿ ಕಡಿಮೆ, ಬೇಸಿಗೆಯಲ್ಲಿ ಅಕಾಲಿಕ. ಇವೆರಡಕ್ಕೂ ನಂಟಿದೆಯಾ? ಬ್ರಿಟನ್ನಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ, ಮೇ, ಜೂನ್, ಜುಲೈ ತಿಂಗಳ ಪಶ್ಚಿಮದ ಅಲೆಗಳು ಹಿಂದಿನ ದಶಕಗಳಿಗಿಂತ ಈಗ ಹೆಚ್ಚಾಗಿವೆ ಎಂದು ತೋರಿಸಿತು. ಗಾಳಿಯ ಹೊಳೆ ಉತ್ತರಕ್ಕೆ ಸರಿಯುವುದು ತಡವಾಗುತ್ತಿರುವುದೇ ಕಾರಣ. ಮುಂಗಾರಿನ ಹೊತ್ತಿಗೂ ಈ ಅಲೆ ಉಳಿದು, ಎರಡೂ ಡಿಕ್ಕಿಯಾದರೆ ಏನಾಗುತ್ತದೆ ಎಂಬುದನ್ನು 2013ರ ಜೂನ್ 16, 17ರ ಮಹಾಪ್ರವಾಹದಲ್ಲಿ ಕೇದಾರವೇ ಕಂಡಿದೆ.

ಕೇದಾರದ ಪಂಚಾಂಗವೇ ಹಿಮದ ಪಂಚಾಂಗ. ದೀಪಾವಳಿ ಮುಗಿಯುತ್ತಿದ್ದಂತೆ ಬಾಗಿಲು ಹಾಕಿ, ಉತ್ಸವಮೂರ್ತಿಯನ್ನು ಸುಮಾರು 1,300 ಮೀಟರ್ ಎತ್ತರದ ಊಖಿಮಠಕ್ಕೆ ಇಳಿಸಿ ತರುತ್ತಾರೆ. ಬೇಸಿಗೆಯಲ್ಲಿ ಮತ್ತೆ ಮೇಲಕ್ಕೆ. ಅಲ್ಲಿನ ಗುಡಿಯ ಮುಖ್ಯಸ್ಥರಾದ ರಾವಲ್‌ಗಳು ನಮ್ಮ ಕರ್ನಾಟಕದ ವೀರಶೈವ ಪರಂಪರೆಯವರು. ಎತ್ತರ ಬದಲಾದರೆ ಕಾಲವೇ ಬದಲಾಗುತ್ತದೆ ಎಂಬುದನ್ನು ಆ ಗುಡಿಯವರು ಲೆಕ್ಕದ ಯಂತ್ರಗಳಿಗಿಂತ ಎಷ್ಟೋ ಮುಂಚೆ ಅರಿತಿದ್ದರು. ಇದನ್ನೇ ಹೇಳಿದಾಗ ಚಿಕ್ಕಮ್ಮ ಸ್ವಲ್ಪ ಮೆತ್ತಗಾದರು. "ಸರಿ ಬಿಡು, ದೇವರೇ ಇಳಿದು ಬರ್ತಾನೆ ಅಂದ್ರೆ ನಾವು ಎರಡು ದಿನ ಕಾಯಕ್ಕಾಗಲ್ವಾ" ಅಂದರು.

ಮೂರನೇ ದಿನ ಮೋಡ ಹರಿಯಿತು, ದಾರಿ ಬಿಟ್ಟರು. ಗೌರಿಕುಂಡದಿಂದ ಸುಮಾರು 16 ಕಿ.ಮೀ. ಹಾದಿಯನ್ನು ಡೋಲಿಯಲ್ಲಿ ಕೂತು ಹತ್ತಿದರು. ಮೇಲೆ ಹೋಗಿ ವಿಡಿಯೋ ಕಳಿಸಿದರು. ಹಾದಿಯ ಎರಡೂ ಬದಿ ಸಲಿಕೆಯಲ್ಲಿ ಕಡಿದ ಹಿಮದ ಗೋಡೆ, ಆಳೆತ್ತರಕ್ಕೆ. ಬಿಸಿಲಿಗೆ ಅದರಿಂದ ನೀರು ತೊಟತೊಟ ಸೋರುತ್ತಿತ್ತು. ಹೇಸರಗತ್ತೆಗಳು ಆ ನೀರಲ್ಲೇ ಪಚಪಚ ಕಾಲಿಡುತ್ತಾ ಇಳಿಯುತ್ತಿದ್ದವು. ಚಿಕ್ಕಮ್ಮನ ಕೈ ಚೌಕಟ್ಟಿನೊಳಗೆ ಬಂದು ಗೋಡೆಯಿಂದ ಒಂದು ಹಿಡಿ ಹಿಮ ಕಿತ್ತಿತು. ಹಿಂಡಿದರು. ಬೆರಳ ಸಂದಿಯಿಂದ ನೀರು ಇಳಿಯಿತು.

"ನೋಡೋ, ನೆನೆಸಿದ ಅವಲಕ್ಕಿ ಥರ ಇದೆ" ಅಂದರು. "ಎಷ್ಟು ಭಾರ!"